ದೂರವನ್ನು ಹತ್ತಿರ ತರುವ ಕ್ಯಾಮೆರಾ: ಆರಿಸುವ ಬಗೆ

ದೂರದ ವಸ್ತುವನ್ನು ಹತ್ತಿರಕ್ಕೆ ತಂದು ನೋಡಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ಗೆಲಿಲಿಯೊ 1609ರಲ್ಲಿ ತನ್ನ ದೂರದರ್ಶಕವನ್ನು ಆಕಾಶದ ಕಡೆಗೆ ತಿರುಗಿಸಿದಾಗ ಆ ಹಂಬಲಕ್ಕೆ ಒಂದು ಉಪಕರಣ ದೊರೆತಂತಾಯಿತು. ಇಂದು ಅಂಥ ಉಪಕರಣ ಛಾಯಾಚಿತ್ರವನ್ನೂ ತೆಗೆಯುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ದೊರೆಯುತ್ತದೆ. ಅದೇ ಉದ್ದ ಜೂಮ್‌ನ ಡಿಜಿಟಲ್ ಕ್ಯಾಮೆರಾ. ಅದರ ಡಬ್ಬಿಯ ಮೇಲೆ 25, 65, 125 ಎಂಬಂಥ ಒಂದು ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಕ್ಯಾಮೆರಾ ಉತ್ತಮವೆಂದು ಕೊಳ್ಳುವವರು ನಂಬುವುದೂ ಸಹಜವೇ ಸರಿ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಅದಕ್ಕೆ ಬೇಕಾದದ್ದು ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಮೂರು ಭಾಗಾಕಾರಗಳು ಮಾತ್ರ.

ಹುಬ್ಬಳ್ಳಿ-ಧಾರವಾಡದ ಒಂದು ಕಾಲೇಜಿನ ನಿಸರ್ಗ ಸಂಘದವರು ವರ್ಷವಿಡೀ ವಂತಿಗೆ ಕೂಡಿಸಿ ಒಂದೇ ಒಂದು ಕ್ಯಾಮೆರಾ ಕೊಳ್ಳಲು ಹೊರಟಿದ್ದಾರೆಂದು ಭಾವಿಸೋಣ. ಧಾರವಾಡದ ಕೆಲಗೇರಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಇವೇ ಅವರ ಕಾರ್ಯಕ್ಷೇತ್ರ. ಮಾಗಡಿಯ ಕೆರೆಗೆ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ಮಂಗೋಲಿಯದ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ ಮತ್ತು ಅಂಕೆಗಳನ್ನು ಬರೆದ ಪಟ್ಟಿ ತೊಡಿಸಿ ಬಿಡುವುದುಂಟು. ಅಂಥ ಪಟ್ಟಿಯ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ದಡದಲ್ಲಿ ನಿಂತ ವಿದ್ಯಾರ್ಥಿಯ ಚಿತ್ರದಲ್ಲಿ ಆ ಅಕ್ಷರ ಸ್ಫುಟವಾಗಿ ಮೂಡಿದರೆ ಹಕ್ಕಿಯ ಪ್ರಯಾಣದ ಒಂದು ನೆಲೆ ದಾಖಲಾಗುತ್ತದೆ. ಅಕ್ಷರ ಮಸಕಾದರೆ ಉಳಿಯುವುದು ಹೆಬ್ಬಾತಿನ ಇನ್ನೊಂದು ಚಿತ್ರ ಮಾತ್ರ. ಹತ್ತಿರ ಹೋಗಿ ಓದೋಣವೆಂದರೆ ಹಿಂಡೇ ಎದ್ದು ಹಾರೀತು. ಆದುದರಿಂದ ಇಲ್ಲಿ ಬೇಕಾಗಿರುವುದು ದೊಡ್ಡದಾದ ಚಿತ್ರವಲ್ಲ, ದೂರದಿಂದಲೂ ಓದಬಲ್ಲ ಚಿತ್ರ. ಈ ಎರಡರ ಭೇದವನ್ನು ತಿಳಿಯುವುದೇ ಆಯ್ಕೆಯ ಮರ್ಮ.

ಸಂಖ್ಯೆಯ ಅರ್ಥ

ಮಸೂರದ ಮೂಲಕ ಹಾದ ಬೆಳಕು ಒಂದು ನಿಶ್ಚಿತ ದೂರದಲ್ಲಿ ಕೂಡಿ ಬಿಂಬವನ್ನು ಮೂಡಿಸುತ್ತದೆ. ಬಹುದೂರದ ವಸ್ತುವಿಗೆ ಈ ಅಂತರವನ್ನು ಸಂಗಮದೂರವೆನ್ನುತ್ತೇವೆ. ಸಂಗಮದೂರ ಹೆಚ್ಚಿದಂತೆ ಬಿಂಬ ದೊಡ್ಡದಾಗುತ್ತದೆ. ಹಲವು ಮಸೂರಗಳನ್ನು ಒಂದು ಕೊಳವೆಯಲ್ಲಿ ಜೋಡಿಸಿ, ಅವುಗಳ ನಡುವಿನ ಎಡೆಯನ್ನು ಬದಲಿಸಿ, ಸಂಗಮದೂರವನ್ನು ಬೇಕಾದಂತೆ ಹೆಚ್ಚಿಸಲು ಅಥವಾ ತಗ್ಗಿಸಲು ಬರುವಂತೆ ಮಾಡಿದ ವ್ಯವಸ್ಥೆಯೇ ಜೂಮ್. 35 ಮಿಲಿಮೀಟರ್ ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಜೂಮ್ ಮಸೂರ 1959ರಲ್ಲಿ ಬಂದಿತು. ಫ್ರಾಂಕ್ ಬ್ಯಾಕ್ ರಚಿಸಿದ ಆ ಜೂಮಾರ್ ಮಸೂರದ ಸಂಗಮದೂರ 36ರಿಂದ 82 ಮಿ.ಮೀ. ವರೆಗೆ ಬದಲಾಗುತ್ತಿತ್ತು. 82ನ್ನು 36ರಿಂದ ಭಾಗಿಸಿದರೆ 2.3 ಬರುತ್ತದೆ. ಇಂದಿನ ಭಾಷೆಯಲ್ಲಿ ಅದು 2.3 ಪಟ್ಟಿನ ಜೂಮ್.

ಡಬ್ಬಿಯ ಮೇಲಿನ ಸಂಖ್ಯೆ ಇದೇ. ಅತಿ ಹೆಚ್ಚಿನ ಸಂಗಮದೂರವನ್ನು ಅತಿ ಕಡಿಮೆ ಸಂಗಮದೂರದಿಂದ ಭಾಗಿಸಿದಾಗ ದೊರೆಯುವ ಅನುಪಾತ, ಅಷ್ಟೇ. ಒಂದು ಮಸೂರ 20ರಿಂದ 600ಕ್ಕೂ ಇನ್ನೊಂದು 24ರಿಂದ 600ಕ್ಕೂ ಹೋಗುತ್ತದೆಯೆಂದು ಇಟ್ಟುಕೊಳ್ಳಿ. ಮೊದಲನೆಯದು 30 ಪಟ್ಟು, ಎರಡನೆಯದು 25 ಪಟ್ಟು. ಆದರೂ ದೂರದ ಹಕ್ಕಿಯನ್ನು ಎರಡೂ ಒಂದೇ ಅಳತೆಯಲ್ಲಿ ತೋರಿಸುತ್ತವೆ. ಹೆಚ್ಚಿನ 5 ಪಟ್ಟು ಬಂದದ್ದು ಹತ್ತಿರದ ತುದಿಯ ಅಗಲ ನೋಟದಿಂದ. ಇದು ಮೊದಲನೆಯ ಭಾಗಾಕಾರ.

ಮೂರು ಕ್ಯಾಮೆರಾಗಳು

ಉದಾಹರಣೆಗಾಗಿ ಮೂರು ಪ್ರಸಿದ್ಧ ಮಾದರಿಗಳನ್ನು ತೆಗೆದುಕೊಳ್ಳೋಣ. 2017ರಲ್ಲಿ ಬಂದ ಸೋನಿ ಆರ್‌ಎಕ್ಸ್10ರ ನಾಲ್ಕನೆಯ ಆವೃತ್ತಿಯದು 25 ಪಟ್ಟಿನ ಜೂಮ್. 2018ರಲ್ಲಿ ಬಂದ ಕೆನನ್ ಪವರ್‌ಶಾಟ್ ಎಸ್‌ಎಕ್ಸ್70ರದು 65 ಪಟ್ಟು. ಅದೇ ವರ್ಷದ ನಿಕಾನ್ ಕೂಲ್‌ಪಿಕ್ಸ್ ಪಿ1000ರದು 125 ಪಟ್ಟು. ವಿಚಾರ ಮಾಡುವ ಕ್ರಮವನ್ನು ತೋರಿಸಲು ಇವನ್ನು ಆರಿಸಿದ್ದೇವೆಯೇ ಹೊರತು ಇವನ್ನೇ ಕೊಳ್ಳಬೇಕೆಂದಲ್ಲ.

ಇವುಗಳ ಜಾಹೀರಾತಿನಲ್ಲಿ ಕ್ರಮವಾಗಿ 600, 1365 ಮತ್ತು 3000 ಮಿ.ಮೀ. ಸಂಗಮದೂರದ ಮಾತು ಬರುತ್ತದೆ. ಮೂರು ಮೀಟರ್ ಸಂಗಮದೂರದ ಮಸೂರ ಕೈಚೀಲದಲ್ಲಿ ಹಿಡಿಯುವುದೆಂತು? ಇದರ ಗುಟ್ಟು ಸಂವೇದಕದಲ್ಲಿದೆ. ಫಿಲ್ಮಿನ ಸ್ಥಾನದಲ್ಲಿ ಕುಳಿತು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಅರೆವಾಹಕದ ಫಲಕವೇ ಸಂವೇದಕ. ಇದರ ಮೊದಲ ರೂಪಗಳಲ್ಲೊಂದಾದ ಸಿಸಿಡಿಯನ್ನು ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದರು; ಅದಕ್ಕಾಗಿ 2009ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ 3.6 ಕಿಲೋಗ್ರಾಮ್ ತೂಗುತ್ತಿತ್ತು. ಅದರ ಚಿತ್ರದಲ್ಲಿದ್ದದ್ದು ಕೇವಲ 10,000 ಚಿತ್ರಕಣಗಳು. ಇಂದು ಕೆನನ್ ಮಾದರಿಯ, ಬೆರಳ ಉಗುರಿಗಿಂತ ಕಿರಿದಾದ ಫಲಕದಲ್ಲಿ ಎರಡು ಕೋಟಿ ಚಿತ್ರಕಣಗಳಿವೆ.

35 ಮಿ.ಮೀ. ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ. ನಿಕಾನ್ ಮತ್ತು ಕೆನನ್ ಮಾದರಿಗಳ ಸಂವೇದಕದ ಅಗಲ ಸುಮಾರು 6.2 ಮಿ.ಮೀ., ಸೋನಿಯದು 13.2 ಮಿ.ಮೀ. ಫಲಕ ಕಿರಿದಾದರೆ ಬಿಂಬದ ನಡುಭಾಗವಷ್ಟೇ ಅದರ ಮೇಲೆ ಬೀಳುತ್ತದೆ. ನೋಟ ಕಿರಿದಾಗಿ ವಸ್ತು ದೊಡ್ಡದಾಗಿ ಕಾಣುತ್ತದೆ. ಜಾಹೀರಾತಿನ 3000 ಎಂಬುದು ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳಿದ ಸಮಾನ ಸಂಖ್ಯೆ. ನಿಜವಾದ ಸಂಗಮದೂರ ಮಸೂರದ ಬಳೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ: ನಿಕಾನ್‌ಗೆ 4.3ರಿಂದ 539, ಕೆನನ್‌ಗೆ 3.8ರಿಂದ 247, ಸೋನಿಗೆ 8.8ರಿಂದ 220 ಮಿ.ಮೀ. ಡಬ್ಬಿಯ ಸಂಖ್ಯೆಯನ್ನು ಬಿಟ್ಟು ಬಳೆಯ ಸಂಖ್ಯೆಯನ್ನು ಓದಲು ವಿದ್ಯಾರ್ಥಿಗಳು ಕಲಿಯಬೇಕು.

ಎರಡನೆಯ ಭಾಗಾಕಾರ ಸಮರೂಪ ತ್ರಿಭುಜಗಳದು. ಸಂವೇದಕದ ಅಗಲವನ್ನು ವಸ್ತುವಿನ ದೂರದಿಂದ ಗುಣಿಸಿ ನಿಜವಾದ ಸಂಗಮದೂರದಿಂದ ಭಾಗಿಸಿದರೆ, ಆ ದೂರದಲ್ಲಿ ಎಷ್ಟು ಅಗಲದ ದೃಶ್ಯ ಚೌಕಟ್ಟನ್ನು ತುಂಬುತ್ತದೆಂಬುದು ತಿಳಿಯುತ್ತದೆ. 100 ಮೀಟರ್ ದೂರದಲ್ಲಿ ಸೋನಿಯ ಚೌಕಟ್ಟು 6 ಮೀಟರ್, ಕೆನನ್‌ದು 2.5 ಮೀಟರ್, ನಿಕಾನ್‌ದು ಸುಮಾರು 1.15 ಮೀಟರ್. ಮುಕ್ಕಾಲು ಮೀಟರ್ ಉದ್ದದ ಹೆಬ್ಬಾತು ಮೊದಲನೆಯದರಲ್ಲಿ ಚೌಕಟ್ಟಿನ ಎಂಟನೆಯ ಒಂದು ಪಾಲನ್ನು, ಎರಡನೆಯದರಲ್ಲಿ ಹತ್ತರಲ್ಲಿ ಮೂರು ಪಾಲನ್ನು, ಮೂರನೆಯದರಲ್ಲಿ ಮೂರರಲ್ಲಿ ಎರಡು ಪಾಲನ್ನು ತುಂಬುತ್ತದೆ. ಇಲ್ಲಿಯವರೆಗೆ ದೊಡ್ಡ ಸಂಖ್ಯೆಯೇ ಗೆದ್ದಂತೆ ತೋರುತ್ತದೆ.

ಬೆಳಕಿನ ದ್ವಾರ

ಆದರೆ ದೊಡ್ಡದಾಗಿ ಕಂಡದ್ದೆಲ್ಲ ವಿವರವಾಗಿ ಕಂಡಂತಲ್ಲ. ರಬ್ಬರಿನ ಹಾಳೆಯ ಮೇಲೆ ಅಚ್ಚಾದ ಅಕ್ಷರವನ್ನು ಎಳೆದು ಹಿಗ್ಗಿಸಿದರೆ ಅಕ್ಷರ ದೊಡ್ಡದಾದೀತು; ಹೊಸ ವಿವರವೇನೂ ಬಾರದು. ಬೆಳಕು ಅಲೆಯ ಸ್ವಭಾವದ್ದು. ಒಂದು ದ್ವಾರದ ಮೂಲಕ ಹಾಯುವಾಗ ಅದು ಅಂಚಿನಲ್ಲಿ ತುಸು ಹರಡಿಕೊಳ್ಳುತ್ತದೆ. ಇದನ್ನು ವಿವರ್ತನೆ ಎನ್ನುತ್ತೇವೆ. ದ್ವಾರ ಕಿರಿದಾದಷ್ಟೂ ಹರಡುವಿಕೆ ಹೆಚ್ಚು. ಇದರಿಂದಾಗಿ ಎಷ್ಟೇ ಉತ್ತಮವಾದ ಮಸೂರವೂ ಬಿಂದುವನ್ನು ಬಿಂದುವಾಗಿ ಮೂಡಿಸಲಾರದು. ಸಣ್ಣ ಚಕ್ಕೆಯಾಗಿ ಮೂಡಿಸುತ್ತದೆ. ಎರಡು ಬಿಂದುಗಳ ಚಕ್ಕೆಗಳು ಒಂದರೊಳಗೊಂದು ಬೆರೆತರೆ ಅವು ಎರಡೆಂದು ತಿಳಿಯದು. ಈ ಮಿತಿಯನ್ನು ಅಳೆಯುವ ನಿಯಮವನ್ನು ಲಾರ್ಡ್ ರ‍್ಯಾಲೆ 1879ರಲ್ಲಿ ಹೇಳಿದನು.

ಹಸುರು ಬೆಳಕನ್ನು ಇಟ್ಟುಕೊಂಡು ಆ ನಿಯಮವನ್ನು 100 ಮೀಟರ್ ದೂರಕ್ಕೆ ಅನ್ವಯಿಸಿದರೆ ಬಹು ಸರಳವಾದ ಸೂತ್ರ ದೊರೆಯುತ್ತದೆ. 67ನ್ನು ದ್ವಾರದ ವ್ಯಾಸದಿಂದ ಭಾಗಿಸಿ, ವ್ಯಾಸ ಮಿಲಿಮೀಟರಿನಲ್ಲಿರಲಿ. ಬರುವ ಉತ್ತರವೇ ಬೇರೆಬೇರೆಯಾಗಿ ಕಾಣಬಲ್ಲ ಎರಡು ಬಿಂದುಗಳ ನಡುವಿನ ಕನಿಷ್ಠ ಅಂತರ, ಮಿಲಿಮೀಟರಿನಲ್ಲಿ. ದ್ವಾರದ ವ್ಯಾಸವನ್ನೂ ಬಳೆಯ ಮೇಲಿನ ಬರಹದಿಂದಲೇ ಪಡೆಯಬಹುದು. ಅಲ್ಲಿ ಸಂಗಮದೂರದ ಜೊತೆಗೆ ಎಫ್ ಸಂಖ್ಯೆ ಇರುತ್ತದೆ. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸುವುದೇ ನಮ್ಮ ಮೂರನೆಯ ಭಾಗಾಕಾರ.

ನಿಕಾನ್‌ನ ದೂರದ ತುದಿಯಲ್ಲಿ ಎಫ್ ಸಂಖ್ಯೆ 8. 539ನ್ನು 8ರಿಂದ ಭಾಗಿಸಿದರೆ ದ್ವಾರ 67 ಮಿ.ಮೀ.; ಮಿತಿ 1 ಮಿ.ಮೀ. ಕೆನನ್‌ಗೆ 247ನ್ನು 6.5ರಿಂದ ಭಾಗಿಸಿ 38 ಮಿ.ಮೀ.; ಮಿತಿ 1.8 ಮಿ.ಮೀ. ಸೋನಿಗೆ 220ನ್ನು 4ರಿಂದ ಭಾಗಿಸಿ 55 ಮಿ.ಮೀ.; ಮಿತಿ 1.2 ಮಿ.ಮೀ. ನೋಡಿ, 25 ಪಟ್ಟಿನ ಕ್ಯಾಮೆರಾದ ದ್ವಾರ 65 ಪಟ್ಟಿನದಕ್ಕಿಂತ ದೊಡ್ಡದು! ಆದರೆ ಸೋನಿಗೆ ಇನ್ನೊಂದು ಅಡ್ಡಿಯುಂಟು. 6 ಮೀಟರ್ ಅಗಲದ ದೃಶ್ಯವನ್ನು ಅದು ಸಾಲಿಗೆ 5472 ಚಿತ್ರಕಣಗಳಲ್ಲಿ ಹಂಚಬೇಕು. ಒಂದು ಕಣಕ್ಕೆ ಬರುವುದು 1.1 ಮಿ.ಮೀ. ಎರಡು ಗೆರೆಗಳನ್ನು ಬೇರೆಯಾಗಿ ತೋರಿಸಲು ಕನಿಷ್ಠ ಎರಡು ಕಣಗಳು ಬೇಕಾದುದರಿಂದ ಅದರ ನಿಜವಾದ ಮಿತಿ ಸುಮಾರು 2.2 ಮಿ.ಮೀ. ಆಗುತ್ತದೆ. ಉಳಿದೆರಡರಲ್ಲಿ ಕಣಗಳು ಬೇಕಾದುದಕ್ಕಿಂತ ದಟ್ಟವಾಗಿರುವುದರಿಂದ ವಿವರ್ತನೆಯೇ ಅವುಗಳ ಮಿತಿ.

ಈಗ ಲೆಕ್ಕವನ್ನು ಒಟ್ಟುಗೂಡಿಸೋಣ. ಡಬ್ಬಿಯ ಸಂಖ್ಯೆಗಳು 25, 65, 125. ಸೂಕ್ಷ್ಮತೆಯ ಮಿತಿಗಳು 2.2, 1.8, 1 ಮಿ.ಮೀ. 65 ಪಟ್ಟು 25 ಪಟ್ಟಿಗಿಂತ ಸ್ವಲ್ಪ ಮಾತ್ರ ಮೇಲು. 125 ಪಟ್ಟು 25ಕ್ಕಿಂತ ಐದು ಪಟ್ಟು ಮೇಲಲ್ಲ, ಸುಮಾರು ಎರಡು ಪಟ್ಟು ಮೇಲು. ಹೆಬ್ಬಾತಿನ ಕೊರಳಪಟ್ಟಿಯ ಅಕ್ಷರದ ಗೀಟು 3 ಮಿ.ಮೀ., ಗೀಟುಗಳ ನಡುವಿನ ಎಡೆಯೂ 3 ಮಿ.ಮೀ. ಎಂದಿಟ್ಟುಕೊಂಡರೆ, ಗೀಟಿನ ಮಧ್ಯದಿಂದ ಗೀಟಿನ ಮಧ್ಯಕ್ಕೆ 6 ಮಿ.ಮೀ. ಆಯಿತು. 200 ಮೀಟರ್ ದೂರದಲ್ಲಿ ಮಿತಿಗಳು ಇಮ್ಮಡಿಯಾಗುತ್ತವೆ. ಆಗಲೂ ಮೂರು ಕ್ಯಾಮೆರಾಗಳಿಗೂ ಇದು ಸಾಧ್ಯ. 300 ಮೀಟರಿನಲ್ಲಿ ಸೋನಿ ಸೋಲುತ್ತದೆ, ಕೆನನ್ ಅಂಚಿನಲ್ಲಿ ನಿಲ್ಲುತ್ತದೆ, ನಿಕಾನ್ ಓದುತ್ತದೆ. ಇದು ನಿರ್ದೋಷವಾದ ಮಸೂರ ಮತ್ತು ನಿಶ್ಚಲವಾದ ಗಾಳಿಯ ಲೆಕ್ಕವೆಂಬುದನ್ನು ಮರೆಯಬಾರದು.

ಇಲ್ಲಿಯೇ ಡಿಜಿಟಲ್ ಜೂಮಿನ ವಿಷಯವನ್ನೂ ಹೇಳಬೇಕು. ಅದರಲ್ಲಿ ಮಸೂರ ಚಲಿಸುವುದಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಲಾಗುತ್ತದೆ. 2 ಪಟ್ಟು ಹಿಗ್ಗಿಸಿದರೆ 1 ಕೋಟಿ 60 ಲಕ್ಷ ಕಣಗಳಲ್ಲಿ ಉಳಿಯುವುದು 40 ಲಕ್ಷ. 4 ಪಟ್ಟಾದರೆ 10 ಲಕ್ಷ. ಈ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ನಾವೇ ಮಾಡಿಕೊಳ್ಳಬಹುದು. ಮೊಬೈಲ್ ಫೋನುಗಳಲ್ಲಿ ಕಾಣುವ ನೂರು ಪಟ್ಟಿನ ಜೂಮಿನಲ್ಲಿ ಬಹುಪಾಲು ಈ ಬಗೆಯದೇ. ಕೊಳ್ಳುವಾಗ ಆಪ್ಟಿಕಲ್ ಎಂದು ಬರೆದ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಮಂದ ಬೆಳಕು, ನಡುಗುವ ಕೈ

ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಹೊತ್ತು. ಆಗ ಬೆಳಕು ಕಡಿಮೆ. ಸಂವೇದಕದ ಒಂದು ಚದರ ಮಿಲಿಮೀಟರಿಗೆ ಬೀಳುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುತ್ತದೆ. ನಿಕಾನ್ ಮಸೂರ ಹತ್ತಿರದ ತುದಿಯಲ್ಲಿ ಎಫ್ 2.8, ದೂರದ ತುದಿಯಲ್ಲಿ ಎಫ್ 8. ಪೂರ್ತಿ ಜೂಮ್ ಎಳೆದಾಗ ಬೆಳಕು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎಫ್ 4ರ ಸೋನಿಗೆ ದೂರದ ತುದಿಯಲ್ಲಿ ಅದರ ನಾಲ್ಕು ಪಟ್ಟು ಬೆಳಕು ಸಿಗುತ್ತದೆ, ಕಣಗಳೂ ದೊಡ್ಡವು. ಸೂರ್ಯೋದಯಕ್ಕೆ ಮುನ್ನ ಅಥವಾ ದಾಂಡೇಲಿಯ ಕಾಡಿನ ನೆರಳಿನಲ್ಲಿ ಮಂಗಟ್ಟೆಯ ಹಾರಾಟವನ್ನು ಹಿಡಿಯಲು ಇದೇ ಮುಖ್ಯವಾದ ಅನುಕೂಲ.

ಕೈಯ ನಡುಕದ ವಿಷಯದಲ್ಲಿ ಛಾಯಾಗ್ರಾಹಕರ ಹಳೆಯ ರೂಢಿಯೊಂದುಂಟು. ಸಮಾನ ಸಂಗಮದೂರ 3000 ಆದರೆ ಷಟರ್ ತೆರೆದಿರುವ ಕಾಲ ಸೆಕೆಂಡಿನ 3000ದ ಒಂದು ಪಾಲನ್ನು ಮೀರಬಾರದು. ಕ್ಯಾಮೆರಾದೊಳಗಿನ ಕಂಪನ ನಿವಾರಣೆಯ ಸಾಧನ ಇದಕ್ಕೆ ನೆರವಾಗುತ್ತದೆ. ನಿಕಾನ್, ಕೆನನ್ ಎರಡೂ ಐದು ಹಂತಗಳ ನಿವಾರಣೆಯನ್ನು ಹೇಳುತ್ತವೆ. ಒಂದೊಂದು ಹಂತವೂ ಕಾಲವನ್ನು ಇಮ್ಮಡಿಸುವುದರಿಂದ ಐದಕ್ಕೆ 32 ಪಟ್ಟಾಯಿತು. ಸೆಕೆಂಡಿನ ಸುಮಾರು ನೂರನೆಯ ಒಂದು ಪಾಲು ಸಾಕಾದೀತು. ಆದರೆ ಈ ಸಾಧನ ತಡೆಯುವುದು ನಮ್ಮ ಕೈಯ ನಡುಕವನ್ನೇ ಹೊರತು ಹಕ್ಕಿಯ ರೆಕ್ಕೆಯ ಬಡಿತವನ್ನಲ್ಲ. ರೆಕ್ಕೆ ಬಡಿಯುವ ಹಕ್ಕಿಗೆ ಅತ್ಯಲ್ಪ ಕಾಲವೇ ಬೇಕು, ಅದಕ್ಕೆ ಬೆಳಕು ಬೇಕು.

ಬೇಲೂರಿನಲ್ಲಿ ಒಂದು ಪ್ರಯೋಗ

ಗಾಳಿಯ ಪಾತ್ರವನ್ನು ಪರೀಕ್ಷಿಸಲು ಬೇಲೂರು ಕೈಗಾರಿಕಾ ಪ್ರದೇಶ ಯೋಗ್ಯವಾದ ಸ್ಥಳ. ಹೊಯ್ಸಳರ ದೇಗುಲವಿರುವ ಬೇಲೂರಲ್ಲ ಇದು. ಧಾರವಾಡದಿಂದ ಬೆಳಗಾವಿಯ ಕಡೆಗೆ ಸಾಗುವ ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಬೇಲೂರು. ಡಾಂಬರಿನ ರಸ್ತೆ, ತಗಡಿನ ಚಾವಣಿ, ಕಾಂಕ್ರೀಟಿನ ಅಂಗಳ ಇವೆಲ್ಲ ಬಿಸಿಲಿಗೆ ಕಾಯುವ ವಸ್ತುಗಳು. ವಾಹನಗಳ ಓಡಾಟ ಇಲ್ಲದ ಒಂದು ಒಳರಸ್ತೆಯ ಬದಿಯಲ್ಲಿ ಟೇಪಿನಿಂದ 100 ಮೀಟರ್ ಅಳೆಯಿರಿ. ಬಿಳಿಯ ರಟ್ಟಿನ ಮೇಲೆ 1, 2, 3 ಮತ್ತು 5 ಮಿ.ಮೀ. ದಪ್ಪದ ಕಪ್ಪು ಗೆರೆಗಳ ಗುಂಪುಗಳನ್ನು, ಗೆರೆಯಷ್ಟೇ ಎಡೆ ಬಿಟ್ಟು ಬರೆಯಿರಿ. ರಟ್ಟನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಇನ್ನೊಂದು ತುದಿಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಪೂರ್ತಿ ಜೂಮಿನಲ್ಲಿ ಹತ್ತು ಚಿತ್ರ ತೆಗೆಯಿರಿ. ಬೆಳಿಗ್ಗೆ 7 ಗಂಟೆಗೊಮ್ಮೆ, ಮಧ್ಯಾಹ್ನ 2 ಗಂಟೆಗೊಮ್ಮೆ ಮಾಡಿರಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಬಾರದು. ಕಾರ್ಖಾನೆಗಳ ಆವರಣದ ಕಡೆಗೆ ಅನುಮತಿಯಿಲ್ಲದೆ ಕ್ಯಾಮೆರಾ ತಿರುಗಿಸಬಾರದು.

1 ಮಿ.ಮೀ. ಗೆರೆಯ ಗುಂಪಿನಲ್ಲಿ ಗೆರೆಯ ಮಧ್ಯದಿಂದ ಮಧ್ಯಕ್ಕೆ 2 ಮಿ.ಮೀ. ಇರುತ್ತದೆ. ನಮ್ಮ ಲೆಕ್ಕದ ಪ್ರಕಾರ ಈ ಗುಂಪನ್ನು ನಿಕಾನ್ ಬಿಡಿಸಿ ತೋರಿಸಬೇಕು, ಕೆನನ್ ಕಷ್ಟಪಟ್ಟು ತೋರಿಸಬೇಕು, ಸೋನಿ 2 ಮಿ.ಮೀ. ಗೆರೆಯ ಗುಂಪಿನಿಂದ ತೋರಿಸಬೇಕು. ಬೆಳಗಿನ ಚಿತ್ರಗಳು ಲೆಕ್ಕದ ಸಮೀಪಕ್ಕೆ ಬರುವವು. ಬೇಸಗೆಯ ಮಧ್ಯಾಹ್ನದಲ್ಲಾದರೋ ಗೆರೆಗಳು ನೀರಿನೊಳಗಿನ ಹುಲ್ಲಿನಂತೆ ಬಳುಕುವವು. ಹತ್ತು ಚಿತ್ರಗಳು ಹತ್ತು ಬಗೆಯಾಗುವವು. ಕಾದ ನೆಲದಿಂದ ಏಳುವ ಬಿಸಿಗಾಳಿ ಮತ್ತು ಸುತ್ತಲಿನ ತಂಪುಗಾಳಿ ಬೆರೆಯುವಾಗ ಬೆಳಕಿನ ಕಿರಣಗಳು ಅತ್ತಿತ್ತ ಬಾಗುವುದೇ ಇದರ ಕಾರಣ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯ ವಕ್ರೀಭವನಾಂಕ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಮಾತ್ರ ತಗ್ಗುತ್ತದೆ. ಆದರೆ 100 ಮೀಟರಿನಲ್ಲಿ 1 ಮಿ.ಮೀ. ಬಿಡಿಸಿ ನೋಡುವುದೆಂದರೆ ಒಂದು ಲಕ್ಷದಲ್ಲಿ ಒಂದು ಭಾಗದ ಸೂಕ್ಷ್ಮತೆ. ಅಷ್ಟನ್ನು ಕೆಡಿಸಲು ಇಷ್ಟೇ ಸಾಕು. ಇಂಥ ಹೊತ್ತಿನಲ್ಲಿ 25 ಪಟ್ಟಿಗೂ 125 ಪಟ್ಟಿಗೂ ಹೆಚ್ಚು ಭೇದ ಉಳಿಯದು. ಕ್ಯಾಮೆರಾವನ್ನು ಮಧ್ಯಾಹ್ನ ಅಂಗಡಿಯ ಹೊರಗೆ ಪರೀಕ್ಷಿಸಿ ಮಸೂರ ಕೆಟ್ಟದ್ದೆಂದು ತೀರ್ಮಾನಿಸುವವರು ಈ ಮಾತನ್ನು ನೆನಪಿಡಬೇಕು.

ಸುಲಭವೆಂದರೆ ಯಾವುದು?

ಗುಂಡಿಗಳು ಕಡಿಮೆಯಿದ್ದ ಮಾತ್ರಕ್ಕೆ ಕ್ಯಾಮೆರಾ ಸುಲಭವಾಗುವುದಿಲ್ಲ. ಒಂದು ಮೀಟರ್ ಅಗಲದ ಚೌಕಟ್ಟಿನಲ್ಲಿ 100 ಮೀಟರ್ ದೂರದ ಹಕ್ಕಿಯನ್ನು ಹುಡುಕುವುದೇ ದೊಡ್ಡ ಕಷ್ಟ. ಒತ್ತಿದೊಡನೆ ನೋಟವನ್ನು ಅಗಲಿಸಿ, ಬಿಟ್ಟೊಡನೆ ಮೊದಲಿನ ಜೂಮಿಗೆ ಮರಳಿಸುವ ಗುಂಡಿ ನಿಕಾನ್ ಮತ್ತು ಕೆನನ್ ಮಾದರಿಗಳಲ್ಲಿದೆ. ಹೊಸಬರಿಗೆ ಇದು ಬಲು ಉಪಯುಕ್ತ. ವ್ಯೂಫೈಂಡರ್ ಎನ್ನುವ, ಕಣ್ಣಿಗೆ ಒತ್ತಿ ನೋಡುವ ಕಿಂಡಿಯೂ ಇರಲೇಬೇಕು. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣದು. ಹಣೆಗೆ ತಾಗಿದ ಕ್ಯಾಮೆರಾ ಚಾಚಿದ ಕೈಯಲ್ಲಿರುವುದಕ್ಕಿಂತ ಸ್ಥಿರವಾಗಿಯೂ ನಿಲ್ಲುತ್ತದೆ.

ತೂಕವನ್ನೂ ಎಣಿಸಬೇಕು. ಕೆನನ್ ಸುಮಾರು 610 ಗ್ರಾಮ್, ಸೋನಿ 1095, ನಿಕಾನ್ 1415 ಗ್ರಾಮ್. ದಿನವಿಡೀ ಕೆರೆಯ ಏರಿಯ ಮೇಲೆ ಅಲೆಯುವವರಿಗೆ ಇದು ಸಣ್ಣ ಮಾತಲ್ಲ. ಭಾರವೆಂದು ಮನೆಯಲ್ಲಿ ಉಳಿದ ಕ್ಯಾಮೆರಾ ಎಷ್ಟು ಪಟ್ಟಿನದಾದರೇನು? ಈ ಜಾತಿಯ ಕ್ಯಾಮೆರಾಗಳಲ್ಲಿ ಮಸೂರವನ್ನು ಬಿಚ್ಚಲು ಬರುವುದಿಲ್ಲ. ಕೊಳವೆ ಹೊರಕ್ಕೂ ಒಳಕ್ಕೂ ಸರಿಯುವಾಗ ಗಾಳಿಯ ಜೊತೆಗೆ ಧೂಳೂ ಒಳಗೆ ಸೇರಬಹುದು. ಅದನ್ನು ಮನೆಯಲ್ಲಿ ತೆಗೆಯಲಾಗದು. ಧಾರವಾಡದ ಮಳೆಗಾಲದಲ್ಲಿ ಮಸೂರಕ್ಕೆ ಬೂಸು ಹಿಡಿಯುವ ಭಯವೂ ಉಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುವುದು ಕ್ಷೇಮ. ಬಳಸಿದ ಕ್ಯಾಮೆರಾವನ್ನು ಕೊಳ್ಳುವವರು ಜೂಮನ್ನು ಹಲವು ಸಲ ಪೂರ್ತಿ ಎಳೆದು ಸದ್ದನ್ನು ಆಲಿಸಬೇಕು; ದೀಪದ ಎದುರು ಹಿಡಿದು ಮಸೂರದೊಳಗೆ ಬೂಸಿನ ಎಳೆಗಳಿವೆಯೇ ಎಂದು ನೋಡಬೇಕು; ನಿರ್ಮಲವಾದ ಆಕಾಶದ ಚಿತ್ರ ತೆಗೆದು ಕಲೆಗಳಿವೆಯೇ ಎಂದು ಪರೀಕ್ಷಿಸಬೇಕು.

ಆಯ್ಕೆ

ಹಾಗಾದರೆ ನಮ್ಮ ನಿಸರ್ಗ ಸಂಘದವರು ಯಾವುದನ್ನು ಕೊಳ್ಳಬೇಕು? ಉತ್ತರ ಅವರ ಕೆಲಸದಲ್ಲಿದೆ. ಕೊರಳಪಟ್ಟಿ ಓದುವುದು, ಬೆಳಗಿನ ತಂಪಿನಲ್ಲಿ ಕುಳಿತ ಹಕ್ಕಿಯನ್ನು ಗುರುತಿಸುವುದು, ಚಂದ್ರನ ಕುಳಿಗಳನ್ನು ನೋಡುವುದು ಮುಖ್ಯವಾದರೆ, ಮುಕ್ಕಾಲಿಯನ್ನೂ ಹೊರಲು ಒಪ್ಪುವವರಿಗೆ ದೊಡ್ಡ ದ್ವಾರದ 125 ಪಟ್ಟಿನ ಕ್ಯಾಮೆರಾ ಯೋಗ್ಯ. ಅದರ ಪೂರ್ತಿ ಜೂಮಿನಲ್ಲಿ ಹುಣ್ಣಿಮೆಯ ಚಂದ್ರ ಚೌಕಟ್ಟನ್ನು ಮೀರುವಷ್ಟು ದೊಡ್ಡದಾಗುತ್ತಾನೆ. ಹಾರುವ ಹಕ್ಕಿ, ಕಾಡಿನ ನೆರಳು, ಸಂಜೆಯ ಬೆಳಕು ಮುಖ್ಯವಾದರೆ ಸಂಖ್ಯೆ ಸಣ್ಣದಾದರೂ ಸಂವೇದಕ ದೊಡ್ಡದಾಗಿರುವ 25 ಪಟ್ಟಿನದು ಯೋಗ್ಯ. ಹಲವರು ಕೈ ಬದಲಿಸಿ ಬಳಸುವಂಥದು, ಹಗುರವಾದುದು, ಎಲ್ಲಕ್ಕೂ ಸ್ವಲ್ಪಸ್ವಲ್ಪ ಒದಗುವುದು ಬೇಕಾದರೆ ಮಧ್ಯದ್ದು ಸಾಕು. ಸೂರ್ಯನ ಕಡೆಗೆ ಮಾತ್ರ ತಕ್ಕ ಶೋಧಕವಿಲ್ಲದೆ ಯಾವುದನ್ನೂ ತಿರುಗಿಸಬಾರದು. ಸಂವೇದಕವೂ ಸುಟ್ಟೀತು, ಕಣ್ಣಿಗೂ ಅಪಾಯ ಬಂದೀತು.

ಅಂಗಡಿಗೆ ಹೋಗುವಾಗ ಸ್ವಂತ ಮೆಮೊರಿ ಕಾರ್ಡನ್ನು ಒಯ್ಯಿರಿ. ಅನುಮತಿ ಪಡೆದು ಬೀದಿಯ ಆಚೆ ತುದಿಯ ಫಲಕವೊಂದರ ಚಿತ್ರವನ್ನು ಪೂರ್ತಿ ಜೂಮಿನಲ್ಲಿ ತೆಗೆದು, ಮನೆಗೆ ತಂದು, ಕಂಪ್ಯೂಟರಿನಲ್ಲಿ ಪೂರ್ಣ ಅಳತೆಗೆ ಹಿಗ್ಗಿಸಿ ನೋಡಿರಿ. ಬಳೆಯ ಮೇಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಮೂರು ಭಾಗಾಕಾರಗಳನ್ನು ಮಾಡಿರಿ. ಅನಂತರ ಹಣ ಎಣಿಸಿದರೆ ಸಾಕು.